ಓದುಗರ ಪ್ರಶ್ನೆ: ಬಾಂಬ್ ಹಾಕುವವನಿಗೂ ಕಾನೂನಾ?

ಕಳೆದ ಸಂಚಿಕೆಯಲ್ಲಿ ಜಿನೀವಾ ಒಪ್ಪಂದಗಳ ಬಗ್ಗೆ ಯಾರೋ ಕೇಳಿದ್ದಕ್ಕೆ ನಾಲ್ಕು ಸಾಲು ಬರೆದಿದ್ದೆ. ಯುದ್ಧದಲ್ಲಿ ಯಾರನ್ನು ಹೊಡೆಯಬಹುದು, ಯಾರನ್ನು ಮುಟ್ಟಬಾರದು ಎಂದು ಹೇಳುವ ಒಪ್ಪಂದಗಳು ಅವು, ಒಟ್ಟು ನಾಲ್ಕು, 1949ರಲ್ಲಿ ಆದವು, ಜಗತ್ತಿನ ಎಲ್ಲ ದೇಶಗಳೂ ಒಪ್ಪಿವೆ, ಇಷ್ಟೇ. ಅಷ್ಟಕ್ಕೇ ರಾಶಿ ಪತ್ರ ಬಂದಿವೆ. ಜಾಸ್ತಿ ಜನ ಸಿಟ್ಟಿನಲ್ಲೇ ಬರೆದಿದ್ದಾರೆ. ಹಾಗಾಗಿ ಈ ಸಲ ಇಡೀ ಅಂಕಣ ಇದಕ್ಕೇ.

ಪ್ರಶ್ನೆ: ದಿನಾ ಟಿವಿ ಹಚ್ಚಿದರೆ ಆಸ್ಪತ್ರೆ ಮೇಲೆ ಬಾಂಬ್, ಶಾಲೆ ಮೇಲೆ ಬಾಂಬ್. ನೀವು ನೋಡಿದರೆ ಕಾನೂನು ಇದೆ ಅಂತೀರಿ. ಸುಮ್ನೆ ಕಾಗದ ಅಲ್ವಾ ಅದು? (ನಿವೃತ್ತ ಶಿಕ್ಷಕರು, ಸಾಗರ)

ಉತ್ತರ: ಕಾಗದವೇ ಸರ್. ಆದರೆ ಆ ಕಾಗದ ಯಾವ ಜಾಗದಲ್ಲಿ ಹರಿಯುತ್ತದೆ ಅಂತ ಒಮ್ಮೆ ಹತ್ತಿರದಿಂದ ನೋಡೋಣ.

ಅಫ್ಘಾನಿಸ್ತಾನದ ಕುಂದುಜ್ ನಗರ, 2015ರ ಅಕ್ಟೋಬರ್ 3. ಬೆಳಗಿನ ಜಾವ ಎರಡು ಗಂಟೆ ದಾಟಿತ್ತು. ಎಂಎಸ್‌ಎಫ್ ಎಂಬ ಅಂತಾರಾಷ್ಟ್ರೀಯ ವೈದ್ಯರ ಸಂಸ್ಥೆ ಅಲ್ಲಿ ಗಾಯಾಳುಗಳ ಆಸ್ಪತ್ರೆ ನಡೆಸುತ್ತಿತ್ತು. ಅಮೆರಿಕದ ಎಸಿ-130 ವಿಮಾನ ಅದರ ಮೇಲೆ ಸುತ್ತು ಹಾಕುತ್ತಾ 211 ಶೆಲ್ ಹೊಡೆಯಿತು. ರೋಗಿಗಳು, ಜೊತೆಗಿದ್ದವರು, ವೈದ್ಯರು, ನರ್ಸ್‌ಗಳು ಸೇರಿ 42 ಜನ ಸತ್ತರು. ಆಸ್ಪತ್ರೆ ಇರುವ ಜಾಗದ ಜಿಪಿಎಸ್ ಅಂಕಿಗಳನ್ನು ಸಂಸ್ಥೆ ಕೆಲವೇ ದಿನ ಮೊದಲು ಮತ್ತೊಮ್ಮೆ ಎಲ್ಲರಿಗೂ ಕೊಟ್ಟಿತ್ತು. ಗುಂಡು ಬೀಳುತ್ತಿರುವಾಗಲೂ ಅದರ ಸಿಬ್ಬಂದಿ ಅಮೆರಿಕದ, ಅಫ್ಘಾನಿಸ್ತಾನದ ಅಧಿಕಾರಿಗಳಿಗೆ ಫೋನ್ ಮಾಡುತ್ತಲೇ ಇದ್ದರು.

ಆದದ್ದೇನು ಗೊತ್ತಾ? ಹೊಡೆಯಬೇಕಿದ್ದದ್ದು ತಾಲಿಬಾನ್ ವಶದಲ್ಲಿದೆ ಎಂದು ಹೇಳಲಾಗಿದ್ದ ಬೇರೊಂದು ಸರ್ಕಾರಿ ಕಟ್ಟಡವನ್ನು. ವಿಮಾನ ಅವಸರದಲ್ಲಿ ಹೊರಟಿತ್ತು, ಹೊಡೆಯಬಾರದ ಜಾಗಗಳ ಪಟ್ಟಿ ಅದರೊಳಗೆ ಇರಲೇ ಇಲ್ಲ. ಆ ಸರ್ಕಾರಿ ಕಟ್ಟಡದ್ದು ಅಂತ ಕೊಟ್ಟ ಅಂಕಿಗಳನ್ನು ಹಾಕಿ ನೋಡಿದರೆ ಬರೀ ಬಯಲು ತೋರಿಸುತ್ತಿತ್ತು. ಆಗ ವಿಮಾನದಲ್ಲಿದ್ದವರು ಬಾಯಲ್ಲಿ ಹೇಳಿದ ವರ್ಣನೆಗೆ ಯಾವ ಕಟ್ಟಡ ಹೊಂದುತ್ತದೆ ಅಂತ ಕಣ್ಣಲ್ಲೇ ಹುಡುಕಿದರು. ಆಸ್ಪತ್ರೆ ಹೊಂದಿತು. ಈ ಒಂದೊಂದು ಹೆಜ್ಜೆಗೂ ಕಾನೂನಿನಲ್ಲಿ ಒಂದೊಂದು ನಿಯಮ ಇದೆ: ಗುರಿ ಏನೆಂದು ಆದಷ್ಟೂ ಪರೀಕ್ಷಿಸು, ಅನುಮಾನ ಬಂದರೆ ನಾಗರಿಕರ ಜಾಗ ಎಂದೇ ತಿಳಿ, ತಪ್ಪು ಗುರಿ ಅಂತ ಗೊತ್ತಾದ ಕ್ಷಣ ನಿಲ್ಲಿಸು.

ಅಮೆರಿಕದ ಸೇನೆ ತನಿಖೆ ಮಾಡಿ 16 ಮಂದಿಯ ಮೇಲೆ ಶಿಸ್ತು ಕ್ರಮ ತಗೊಂಡಿತು. ಯಾರ ಮೇಲೂ ಕ್ರಿಮಿನಲ್ ಮೊಕದ್ದಮೆ ಇಲ್ಲ. ಬೇಕೆಂದೇ ಮಾಡಿದ್ದಲ್ಲ, ಆದ್ದರಿಂದ ಯುದ್ಧಾಪರಾಧವಲ್ಲ ಅನ್ನೋದು ಅವರ ವಾದ. ಇಷ್ಟು ಬೇಜವಾಬ್ದಾರಿ ಇದ್ದರೆ ಅದೂ ಅಪರಾಧವೇ ಆಗಬಹುದು ಅನ್ನುವ ಕಾನೂನು ಪಂಡಿತರು ಬಹಳ ಜನ ಇದ್ದಾರೆ, ನನಗೂ ಹಾಗೇ ಅನ್ನಿಸುತ್ತದೆ. ಎಂಎಸ್‌ಎಫ್ ಕೇಳಿದ್ದು ಹೊರಗಿನವರ ತನಿಖೆ. ಅದಕ್ಕೆ ಅಂತಲೇ 1991ರಿಂದ ಒಂದು ಅಂತಾರಾಷ್ಟ್ರೀಯ ಸತ್ಯಶೋಧನಾ ಆಯೋಗ ಇದೆ. ಆದರೆ ಸಂಬಂಧಪಟ್ಟ ದೇಶಗಳು ಒಪ್ಪದೆ ಅದು ಬರುವಂತಿಲ್ಲ. ಒಪ್ಪಿಗೆ ಸಿಗಲಿಲ್ಲ. ಆ ಆಯೋಗಕ್ಕೆ ಮೊದಲ ಕೆಲಸ ಸಿಕ್ಕಿದ್ದೇ 2017ರಲ್ಲಿ, ಪೂರ್ವ ಉಕ್ರೇನಿನಲ್ಲಿ.

ಕಾನೂನು ಅಲ್ಲೇ ಹರಿಯೋದು ಸರ್. ನಿಯಮಗಳಿಗೇನೂ ಕೊರತೆಯಿಲ್ಲ. ಆರೋಪ ಹೊತ್ತವನೇ ತನಿಖೆಯನ್ನೂ ಮಾಡಿ, ಎಷ್ಟು ಹೇಳಬೇಕೋ ಅಷ್ಟೇ ಹೇಳಿ ಕಡತ ಮುಚ್ಚುತ್ತಾನೆ.

ಪ್ರಶ್ನೆ: ಉಗ್ರರು ಆಸ್ಪತ್ರೆ ಕೆಳಗೆ ಅಡಗಿ ಕೂತರೆ ಇಸ್ರೇಲ್ ಏನು ಮಾಡಬೇಕು, ಕೈಕಟ್ಟಿ ಕೂರಬೇಕಾ? ಮೊದಲು ಶುರು ಮಾಡಿದ್ದು ಹಮಾಸ್ ತಾನೇ? (ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು)

ಉತ್ತರ: ಇದರಲ್ಲಿ ಎರಡು ಪ್ರಶ್ನೆ ಇವೆ, ಬಿಡಿಸಿಕೊಳ್ಳೋಣ.

ಯಾರು ಶುರು ಮಾಡಿದರು, ಯಾರದು ಸರಿ ಎನ್ನುವುದು ವಿಶ್ವಸಂಸ್ಥೆಯ ಸನ್ನದಿನ ವಿಷಯ. ಯುದ್ಧದೊಳಗಿನ ಕಾನೂನು ಅದನ್ನು ಕೇಳುವುದೇ ಇಲ್ಲ, ಬೇಕೆಂದೇ ಕೇಳುವುದಿಲ್ಲ. ಯಾಕೆಂದರೆ ತನ್ನದೇ ಸರಿ ಅಂತ ನಂಬದೆ ಯುದ್ಧಕ್ಕೆ ಇಳಿದ ಸರ್ಕಾರ ನಾನಂತೂ ಕೇಳಿಲ್ಲ. ಸರಿ ಇದ್ದವರಿಗೆ ವಿನಾಯಿತಿ ಅಂದರೆ ಎಲ್ಲರಿಗೂ ವಿನಾಯಿತಿ ಕೊಟ್ಟ ಹಾಗೆ. 2023ರ ಅಕ್ಟೋಬರ್ 7ರಂದು ಹಮಾಸ್ ನಾಗರಿಕರನ್ನು ಕೊಂದದ್ದು, ಜನರನ್ನು ಒತ್ತೆಯಾಳಾಗಿ ಎಳೆದುಕೊಂಡು ಹೋದದ್ದು ಅಪರಾಧ. ಪ್ಯಾಲೆಸ್ತೀನಿಯರ ದೂರು ಎಷ್ಟೇ ನ್ಯಾಯವಾಗಿರಲಿ ಅದು ಅಪರಾಧವೇ. ಹಾಗೇ, ಆ ಅಪರಾಧ ನಡೆಯಿತು ಅನ್ನುವ ಕಾರಣಕ್ಕೆ ಗಾಜಾದ ಜನರಿಗೆ ಅನ್ನ ನೀರು ನಿಲ್ಲಿಸುವ ಹಕ್ಕು ಇಸ್ರೇಲಿಗೆ ಬರುವುದಿಲ್ಲ. ಹಸಿವನ್ನು ಆಯುಧ ಮಾಡಿಕೊಂಡರು ಅನ್ನುವ ಆರೋಪವೂ ಸೇರಿಯೇ ಅಂತಾರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯ 2024ರ ನವೆಂಬರ್ 21ರಂದು ಇಸ್ರೇಲಿನ ನೆತನ್ಯಾಹು ಮತ್ತು ಅವರ ರಕ್ಷಣಾ ಸಚಿವರಾಗಿದ್ದ ಗ್ಯಾಲಂಟ್ ಅವರ ಬಂಧನಕ್ಕೆ ವಾರಂಟ್ ಹೊರಡಿಸಿತು. ಅದೇ ದಿನ ಹಮಾಸ್‌ನ ಸೇನಾ ನಾಯಕ ಮೊಹಮ್ಮದ್ ದೀಫ್ ಮೇಲೂ ಹೊರಡಿಸಿತು. ಅವನು ಸತ್ತದ್ದು ಖಚಿತವಾದ ಮೇಲೆ ಆ ಪ್ರಕರಣ ಮುಗಿಯಿತು.

ಇನ್ನು ಆಸ್ಪತ್ರೆ. ಕೈಕಟ್ಟಿ ಕೂರಿ ಅಂತ ಕಾನೂನು ಹೇಳುವುದಿಲ್ಲ. ಆಸ್ಪತ್ರೆಯಿಂದ ಶತ್ರುವಿಗೆ ಹಾನಿ ಮಾಡುವ ಕೆಲಸ ನಡೆದರೆ ಅದರ ರಕ್ಷಣೆ ಹೋಗಬಹುದು. ಆದರೆ ಗಾಯಗೊಂಡ ಹೋರಾಟಗಾರನಿಗೆ ಚಿಕಿತ್ಸೆ ಕೊಡುವುದು ಅಂಥ ಕೆಲಸವಲ್ಲ, ಅವನಿಂದ ತೆಗೆದಿಟ್ಟ ಬಂದೂಕು ವಾರ್ಡಿನ ಮೂಲೆಯಲ್ಲಿ ಸಿಕ್ಕರೂ ಅಲ್ಲ. ಇದು ಒಪ್ಪಂದದಲ್ಲೇ ಬರೆದಿದೆ. ದಾಳಿಗೆ ಮೊದಲು ಎಚ್ಚರಿಕೆ ಕೊಡಬೇಕು, ಅದನ್ನು ಪಾಲಿಸಲು ಸಮಯ ಕೊಡಬೇಕು. ಐಸಿಯುನಲ್ಲಿ ಮಲಗಿದವನಿಗೆ ಎರಡು ಗಂಟೆಯಲ್ಲಿ ಖಾಲಿ ಮಾಡು ಅಂದರೆ ಅದು ಸಮಯ ಕೊಟ್ಟ ಹಾಗಾ, ನೀವೇ ಹೇಳಿ. ಅಷ್ಟೆಲ್ಲ ಆದ ಮೇಲೂ ಒಳಗಿರುವ ರೋಗಿಗಳು ರೋಗಿಗಳೇ. ಆ ದಾಳಿಯಿಂದ ಸಿಗುವ ನೇರವಾದ ಸೈನಿಕ ಲಾಭಕ್ಕೆ ಹೋಲಿಸಿದರೆ ಸಾಯಬಹುದಾದ ನಾಗರಿಕರ ಸಂಖ್ಯೆ ಅತಿಯಾಗಿದ್ದರೆ ಹೊಡೆಯುವಂತಿಲ್ಲ.

ಈ ಕೊನೆಯ ನಿಯಮವನ್ನು ಜನ ತಪ್ಪು ತಿಳಿಯುತ್ತಾರೆ. ಅವರ ಕಡೆ ಇಷ್ಟು ಸತ್ತರು, ಇವರ ಕಡೆ ಇಷ್ಟು, ಅಂತ ಕೂಡಿ ಕಳೆಯುವ ಲೆಕ್ಕ ಅದಲ್ಲ. ಒಂದೊಂದು ದಾಳಿಗೂ ಬೇರೆ ಬೇರೆಯಾಗಿ, ಆದೇಶ ಕೊಟ್ಟವನಿಗೆ ಆ ಹೊತ್ತಿಗೆ ಏನು ಗೊತ್ತಿತ್ತು, ಏನು ಗೊತ್ತಿರಬೇಕಿತ್ತು ಅನ್ನುವುದರ ಮೇಲೆ ಹಾಕುವ ಲೆಕ್ಕ. ಇಷ್ಟಕ್ಕಿಷ್ಟು ಅಂತ ಸಂಖ್ಯೆ ಎಲ್ಲೂ ಬರೆದಿಲ್ಲ. ಕಾನೂನಿನ ತುಂಬಾ ದುರ್ಬಲವಾದ ಜಾಗ ಇದೇ, ಯಾಕೆಂದರೆ ಕಮಾಂಡರ್ ತಲೆಯೊಳಗೆ ಏನಿತ್ತು ಅಂತ ತೋರಿಸುವ ದಾಖಲೆ ಅವನ ಸೇನೆಯ ಕಪಾಟಿನಲ್ಲೇ ಇರುತ್ತದೆ.

ಪ್ರಶ್ನೆ: 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ನಮ್ಮ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ತಿನ್ನಲು ಸಾಮಾನು ತರೋಕೆ ಹೋಗಿ ಶೆಲ್ ದಾಳಿಗೆ ಬಲಿಯಾದ. ಆ ಯುದ್ಧಕ್ಕೂ ಅವನಿಗೂ ಏನು ಸಂಬಂಧ? ಇದಕ್ಕೆ ಯಾರಿಗಾದರೂ ಶಿಕ್ಷೆ ಆಗುತ್ತಾ? (ಓದುಗರು, ಹಾವೇರಿ)

ಉತ್ತರ: ಸಂಬಂಧ ಇಲ್ಲದವರಿಗಾಗಿಯೇ ಈ ಕಾನೂನು ಇರೋದು. ನಾಗರಿಕ ಅಂದರೆ ನಾಗರಿಕ, ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಕೇಳುವುದಿಲ್ಲ.

ಆದರೆ ನಾಗರಿಕ ಸತ್ತ ಅನ್ನುವುದೊಂದರಿಂದಲೇ ಯುದ್ಧಾಪರಾಧ ಸಾಬೀತಾಗುವುದಿಲ್ಲ. ಏನನ್ನು ಗುರಿ ಇಟ್ಟಿದ್ದರು, ಯಾವ ಆಯುಧ, ಯಾರು ಆದೇಶ ಕೊಟ್ಟರು ಎಂಬ ಮೂರೂ ಬೇಕು. ಜನ ತುಂಬಿದ ನಗರದ ಮೇಲೆ ಗುರಿ ನಿಖರವಿಲ್ಲದ ರಾಕೆಟ್ ಎಸೆದರೆ, ಎದುರಿಗೆ ಸೈನಿಕನಿದ್ದಾನೋ ಬ್ರೆಡ್ಡಿಗೆ ಸಾಲು ನಿಂತವನಿದ್ದಾನೋ ಅಂತ ಆ ಆಯುಧಕ್ಕೆ ತಿಳಿಯುವುದಿಲ್ಲ. ಅಂಥ ದಾಳಿಗೆ ಸ್ಪಷ್ಟ ನಿಷೇಧ ಇದೆ. ನಗರಗಳಲ್ಲಿ ಭಾರೀ ಸ್ಫೋಟಕ ಬಳಸುವುದನ್ನು ಕಡಿಮೆ ಮಾಡುತ್ತೇವೆ ಎಂದು 2022ರ ನವೆಂಬರ್‌ನಲ್ಲಿ ಡಬ್ಲಿನ್‌ನಲ್ಲಿ 80ಕ್ಕೂ ಹೆಚ್ಚು ದೇಶಗಳು ಘೋಷಣೆಯನ್ನೂ ಮಾಡಿದವು, ಆದರೆ ಅದು ಬರೀ ಮಾತು ಕೊಟ್ಟದ್ದು, ಕಾನೂನಲ್ಲ.

ಶಿಕ್ಷೆಯ ಬಗ್ಗೆ ಸುಳ್ಳು ಸಮಾಧಾನ ಹೇಳಲು ನನಗೆ ಮನಸ್ಸಿಲ್ಲ. ಉಕ್ರೇನಿನ ಪ್ರಾಸಿಕ್ಯೂಟರ್‌ಗಳ ಮುಂದೆ ಯುದ್ಧಾಪರಾಧದ ಒಂದು ಲಕ್ಷಕ್ಕೂ ಹೆಚ್ಚು ಪ್ರಕರಣ ಇವೆ. ಒಂದು ಶೆಲ್ಲನ್ನು ಯಾವ ತುಕಡಿ ಹಾರಿಸಿತು ಎಂದು ಹೆಸರು ಹಿಡಿದು ಹೇಳುವುದು ಬಹಳ ಕಷ್ಟ. ಆಗಿರುವುದು ಮೇಲಿನ ಮಟ್ಟದಲ್ಲಿ: ವಿದ್ಯುತ್ ಜಾಲದ ಮೇಲಿನ ದಾಳಿಗಳಿಗಾಗಿ ರಷ್ಯಾದ ಸೇನಾಧಿಕಾರಿಗಳ ಮೇಲೆ 2024ರಲ್ಲಿ ಅದೇ ಅಂತಾರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯದ ವಾರಂಟ್ ಬಂದಿವೆ, ರಕ್ಷಣಾ ಸಚಿವರಾಗಿದ್ದ ಶೊಯ್ಗು ಮತ್ತು ಸೇನಾ ಮುಖ್ಯಸ್ಥ ಗೆರಾಸಿಮೊವ್ ಅವರೂ ಸೇರಿ. ಯುದ್ಧಾಪರಾಧಕ್ಕೆ ಕಾಲಮಿತಿ ಇಲ್ಲ ಅನ್ನೋದು ಒಂದು. ಆ ತಂದೆ ತಾಯಿಗೆ ಅದರಿಂದ ಏನು ಸಿಗುತ್ತದೆ ಅಂದರೆ ನನ್ನ ಹತ್ತಿರ ಉತ್ತರ ಇಲ್ಲ.

ಪ್ರಶ್ನೆ: 1949ರಲ್ಲಿ ಡ್ರೋನ್ ಇತ್ತಾ, ಎಐ ಇತ್ತಾ? ಅಜ್ಜನ ಕಾಲದ ಕಾನೂನು ಈಗಿನ ಯುದ್ಧಕ್ಕೆ ಹೇಗೆ ಅನ್ವಯಿಸುತ್ತೆ? (ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ)

ಉತ್ತರ: ಅನ್ವಯಿಸುತ್ತೆ. ಕಾನೂನು ಮುಖ್ಯವಾಗಿ ಕೇಳೋದು ಯಂತ್ರ ಯಾವುದು ಅಂತ ಅಲ್ಲ, ಎದುರಿಗೆ ಇದ್ದವನು ಯಾರು ಅಂತ. ಯಂತ್ರವನ್ನೇ ನಿಷೇಧಿಸಿದ ಉದಾಹರಣೆಗಳೂ ಇವೆ ಅನ್ನಿ. ಕೋಲ್ಕತ್ತಾ ಹತ್ತಿರದ ಡಮ್ ಡಮ್ ಕಾರ್ಖಾನೆಯಲ್ಲಿ ಬ್ರಿಟಿಷರು ಮಾಡಿದ, ಮೈಯೊಳಗೆ ಹೋಗಿ ಅರಳುವ ಗುಂಡನ್ನು 1899ರಲ್ಲೇ ಹೇಗ್ ಸಮ್ಮೇಳನ ನಿಷೇಧಿಸಿತ್ತು.

ಶರಣಾದವನನ್ನು ಕೊಲ್ಲಬಾರದು ಅನ್ನುವುದು ತುಂಬಾ ಹಳೆಯ ನಿಯಮ. ಈಗ ಡ್ರೋನಿಗೆ ಶರಣಾಗುವುದು ಹೇಗೆ? 2023ರ ಮೇ ತಿಂಗಳಲ್ಲಿ ಬಾಖ್ಮುತ್ ಹತ್ತಿರ ಇದೇ ಆಯಿತು. ಕಂದಕದಲ್ಲಿ ಒಬ್ಬನೇ ಉಳಿದ ರಷ್ಯಾದ ಸೈನಿಕ ತಲೆ ಮೇಲೆ ನಿಂತ ಉಕ್ರೇನಿನ ಡ್ರೋನ್ ಕಡೆ ಕೈಸನ್ನೆ ಮಾಡಿದ, ಬೇಡ ಬೇಡ ಅಂತ ಬೇಡಿಕೊಂಡ. ಡ್ರೋನ್ ನಡೆಸುತ್ತಿದ್ದವರು ಬಾಂಬ್ ಹಾಕಲಿಲ್ಲ. ಶರಣಾಗುವುದಾದರೆ ಹಿಂದೆ ಬಾ ಅಂತ ಚೀಟಿ ಬರೆದು ಮೇಲಿನಿಂದ ಕೆಡವಿದರು. ಅವನು ಡ್ರೋನ್ ಹಿಂದೆ ನಡೆದ, ಅವನದೇ ಕಡೆಯವರು ಶೆಲ್ ಹೊಡೆದರೂ ಬದುಕಿಕೊಂಡ. ಹಳೇ ಕಾನೂನು ಹೊಸ ಯಂತ್ರದಲ್ಲಿ ಹೀಗೂ ನಡೆಯುತ್ತದೆ. ಅದೇ ಥರದ ಚಿಕ್ಕ ಡ್ರೋನ್‌ಗಳಿಂದ ಖೆರ್ಸಾನ್ ಪ್ರಾಂತ್ಯದಲ್ಲಿ ರಷ್ಯಾದ ಸೇನೆ ದಾರಿಹೋಕರನ್ನು, ಆಂಬುಲೆನ್ಸ್‌ಗಳನ್ನು ಬೆನ್ನಟ್ಟಿ ಹೊಡೆದದ್ದೂ ಇದೆ. ಅದು ಮಾನವತೆಯ ವಿರುದ್ಧದ ಅಪರಾಧ ಅಂತ ವಿಶ್ವಸಂಸ್ಥೆಯ ತನಿಖಾ ಆಯೋಗ 2025ರಲ್ಲಿ ಹೇಳಿತು. ಒಂದು ವಿಷಯ ಗಮನಿಸಿ, ಡ್ರೋನ್ ಕ್ಯಾಮೆರಾದಲ್ಲಿ ಹೊಡೆಯುವವನಿಗೆ ಎದುರಿನ ಮನುಷ್ಯ ಸ್ಪಷ್ಟವಾಗಿ ಕಾಣುತ್ತಾನೆ. ಕತ್ತಲಾಗಿತ್ತು, ಗೊತ್ತಾಗಲಿಲ್ಲ ಅನ್ನುವ ನೆಪ ಇಲ್ಲಿ ಸುಲಭವಾಗಿ ನಡೆಯಲ್ಲ.

ಇನ್ನೊಂದು, ಪೇಜರ್, ಅಂದರೆ ಸಂದೇಶ ಬರುವ ಪುಟ್ಟ ಯಂತ್ರ. 2024ರ ಸೆಪ್ಟೆಂಬರ್ 17ರಂದು ಲೆಬನಾನಿನಲ್ಲಿ, ಇಸ್ರೇಲ್ ವಿರುದ್ಧ ಹೋರಾಡುವ ಹೆಜ್ಬೊಲ್ಲಾ ಸಂಘಟನೆಯವರ ಸಾವಿರಾರು ಪೇಜರ್‌ಗಳು ಇಸ್ರೇಲ್ ಕೈವಾಡದಿಂದ ಒಂದೇ ಹೊತ್ತಿಗೆ ಸಿಡಿದವು, ಮಾರನೇ ದಿನ ವಾಕಿಟಾಕಿಗಳು. ಜಾಣತನ ಅಂತ ನಮ್ಮಲ್ಲಿ ಎಷ್ಟು ಜನ ಚಪ್ಪಾಳೆ ತಟ್ಟಿದರು ನೆನಪಿದೆ. ಸತ್ತವರಲ್ಲಿ ಮಕ್ಕಳೂ ಇದ್ದರು. ನೋಡಲು ನಿರುಪದ್ರವಿಯಾದ, ಕೈಯಲ್ಲಿ ಹಿಡಿದು ಓಡಾಡುವ ವಸ್ತುವಿನೊಳಗೆ ಸ್ಫೋಟಕ ತುಂಬಿ ತಯಾರಿಸಬಾರದು ಅಂತ ಒಂದು ಒಪ್ಪಂದದಲ್ಲಿ ನೇರವಾಗಿಯೇ ಬರೆದಿದೆ, ಇಸ್ರೇಲ್ ಅದಕ್ಕೆ ಸೇರಿದೆ, ಭಾರತವೂ ಸೇರಿದೆ. ಗುಂಡಿ ಒತ್ತುವ ಕ್ಷಣಕ್ಕೆ ಯಾವ ಪೇಜರ್ ಯಾರ ಕೈಯಲ್ಲಿತ್ತು, ಮಾರುಕಟ್ಟೆಯಲ್ಲಿತ್ತೋ ಅಡುಗೆಮನೆಯಲ್ಲಿತ್ತೋ, ಒತ್ತಿದವನಿಗೆ ತಿಳಿದಿರಲು ಸಾಧ್ಯವಿತ್ತಾ?

ಎಐ ವಿಷಯದಲ್ಲಿ ಹೊಸ ಒಪ್ಪಂದ ಬೇಕು ಅಂತ ಬಹಳ ದೇಶಗಳು ಒತ್ತಾಯಿಸುತ್ತಿವೆ. ತಾನಾಗಿಯೇ ಗುರಿ ಹುಡುಕಿ ಹೊಡೆಯುವ ಆಯುಧಗಳ ಬಗ್ಗೆ 2023ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ನಿರ್ಣಯ ಬಂದಾಗ ವಿರುದ್ಧ ಮತ ಹಾಕಿದ ಬೆರಳೆಣಿಕೆಯ ದೇಶಗಳಲ್ಲಿ ರಷ್ಯಾ ಜೊತೆ ನಾವೂ ಇದ್ದೆವು.

ಪ್ರಶ್ನೆ: ಸೆರೆ ಸಿಕ್ಕ ಶತ್ರು ಸೈನಿಕನ ವಿಡಿಯೋ ಗ್ರೂಪಿಗೆ ಹಾಕಿದರೆ ತಪ್ಪಾ? (ಓದುಗರು, ಮಡಿಕೇರಿ)

ಉತ್ತರ: ನೀವು ಹಾಕಿದರೆ ಜಿನೀವಾದವರು ಬಂದು ಹಿಡಿಯಲ್ಲ. ಆದರೆ ಸೆರೆ ಹಿಡಿದ ದೇಶಕ್ಕೆ ಅದು ತಪ್ಪು. ಯುದ್ಧಕೈದಿಯನ್ನು ಅವಮಾನದಿಂದ, ಜನರ ಕುತೂಹಲದಿಂದ ಕಾಪಾಡಬೇಕು ಅಂತ ಮೂರನೇ ಒಪ್ಪಂದದ 13ನೇ ವಿಧಿ ಹೇಳುತ್ತದೆ. 2019ರ ಫೆಬ್ರವರಿಯಲ್ಲಿ ವಿಂಗ್ ಕಮಾಂಡರ್ ಅಭಿನಂದನ್ ಅವರ ರಕ್ತಸಿಕ್ತ ಮುಖದ ವಿಡಿಯೋ ಪಾಕಿಸ್ತಾನದಿಂದ ಬಂದಾಗ ನಮ್ಮ ಸರ್ಕಾರ ಇದೇ ಕಾನೂನು ತೋರಿಸಿ ಪ್ರತಿಭಟಿಸಿತು. ಯುದ್ಧ ಘೋಷಣೆ ಆಗಿರಲಿಲ್ಲ ಅಲ್ವಾ ಅಂತ ಕೇಳಬಹುದು. ಬೇಕಿಲ್ಲ, ಎರಡು ದೇಶಗಳ ಸೇನೆಗಳ ನಡುವೆ ಹೊಡೆದಾಟ ಆದರೆ ಸಾಕು. ಇನ್ನೊಂದು ವಿಡಿಯೋದಲ್ಲಿ ಅವರು ಚಹಾ ಹಿಡಿದು, ಕೇಳಿದ ಪ್ರಶ್ನೆಗಳಿಗೆ ಇದನ್ನು ನಾನು ಹೇಳುವಂತಿಲ್ಲ ಅಂದರಲ್ಲ, ಅದೂ ಕಾನೂನೇ. ಕೈದಿ ಹೆಸರು, ದರ್ಜೆ, ಹುಟ್ಟಿದ ದಿನ, ಸೇನಾ ಸಂಖ್ಯೆ ಕೊಟ್ಟರೆ ಮುಗಿಯಿತು.

ಮಡಿಕೇರಿಯಿಂದ ಬರೆದವರಿಗೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗನ ಕಥೆ ನಾನು ಹೇಳಬೇಕಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. 1965ರ ಯುದ್ಧದ ಕೊನೆಯಲ್ಲಿ ವಾಯುಪಡೆಯ ಪೈಲಟ್ ಕೆ.ಸಿ. ಕಾರ್ಯಪ್ಪ ಪಾಕಿಸ್ತಾನಕ್ಕೆ ಸೆರೆ ಸಿಕ್ಕರು. ಅಧ್ಯಕ್ಷ ಅಯೂಬ್ ಖಾನ್‌ಗೆ ತಂದೆಯ ಹಳೇ ಪರಿಚಯ, ಮಗನನ್ನು ಬಿಡುತ್ತೇನೆ ಎಂದು ಹೇಳಿ ಕಳಿಸಿದರಂತೆ. ಅಲ್ಲಿರುವ ಕೈದಿಗಳೆಲ್ಲ ನನ್ನ ಮಕ್ಕಳೇ, ಎಲ್ಲರನ್ನೂ ಚೆನ್ನಾಗಿ ನೋಡಿಕೊಳ್ಳಿ, ಬಿಟ್ಟರೆ ಎಲ್ಲರನ್ನೂ ಬಿಡಿ ಅಂತ ಕಾರ್ಯಪ್ಪನವರ ಉತ್ತರ ಹೋಯಿತು ಅನ್ನುವ ಮಾತು ಪ್ರಸಿದ್ಧ.

ನಮಗೆ ಅಷ್ಟು ಹಿತವಲ್ಲದ ಒಂದು ಮಾತನ್ನೂ ಸೇರಿಸಲೇಬೇಕು. ಹೋರಾಟ ನಿಂತ ಮೇಲೆ ಕೈದಿಗಳನ್ನು ತಡ ಮಾಡದೆ ಬಿಡಬೇಕು ಎನ್ನುತ್ತದೆ 118ನೇ ವಿಧಿ. 1971ರ ಯುದ್ಧದ ಸುಮಾರು 93,000 ಪಾಕಿಸ್ತಾನಿ ಕೈದಿಗಳು ಪೂರ್ತಿ ಮನೆ ಸೇರಿದ್ದು 1974ರಲ್ಲಿ. ಬಾಂಗ್ಲಾದೇಶವೂ ಒಪ್ಪಬೇಕು ಎನ್ನುವುದು ನಮ್ಮ ವಾದವಾಗಿತ್ತು, ವಾದದಲ್ಲಿ ಹುರುಳಿತ್ತು ಕೂಡ. ಆದರೂ ಎರಡು ವರ್ಷ ಜಾಸ್ತಿಯಾಯಿತು.

ಪ್ರಶ್ನೆ: ಮನೆಯಲ್ಲೇ ಕೂತು ಶತ್ರು ದೇಶದ ವೆಬ್‌ಸೈಟ್ ಹ್ಯಾಕ್ ಮಾಡಿದರೆ ದೇಶಸೇವೆ ತಾನೇ? (ಓದುಗರು, ತುಮಕೂರು)

ಉತ್ತರ: ಆಸ್ಪತ್ರೆಯ ಸರ್ವರ್ ಕೆಡಿಸಿದರೆ ಖಂಡಿತ ಅಲ್ಲ. ನಾಗರಿಕ ಹ್ಯಾಕರ್‌ಗಳಿಗಾಗಿ ರೆಡ್ ಕ್ರಾಸ್ ಅಂತಾರಾಷ್ಟ್ರೀಯ ಸಮಿತಿ 2023ರಲ್ಲಿ ಎಂಟು ನಿಯಮ ಬರೆದಿದೆ. ಇನ್ನೊಂದು, ಸೇನೆಯ ಕಾರ್ಯಾಚರಣೆಗೆ ನೇರವಾಗಿ ಕೈಜೋಡಿಸಿದರೆ ಆ ಹೊತ್ತಿಗೆ ನಾಗರಿಕನ ರಕ್ಷಣೆಯನ್ನೇ ಕಳೆದುಕೊಳ್ಳಬಹುದು. ಶತ್ರು ಸೇನೆ ಎಲ್ಲಿದೆ ಅಂತ ಮೊಬೈಲಿನಿಂದ ತಿಳಿಸುವ ಚಾಟ್‌ಬಾಟ್ ಅನ್ನು ಉಕ್ರೇನ್ ತನ್ನ ಜನರಿಗೆ ಕೊಟ್ಟಾಗಲೂ ತಜ್ಞರು ಚಿಂತಿಸಿದ್ದು ಇದಕ್ಕೇ.

ಪ್ರಶ್ನೆ: ಭಾರತ ಇದಕ್ಕೆಲ್ಲ ಸಹಿ ಹಾಕಿದೆಯಾ? ಪುಟಿನ್ ಮೇಲೆ ವಾರಂಟ್ ಇದ್ದರೂ ದೆಹಲಿಗೆ ಬಂದು ಹೋದರಲ್ಲ? (ವಕೀಲರು, ಧಾರವಾಡ)

ಉತ್ತರ: ನಾಲ್ಕು ಒಪ್ಪಂದಗಳಿಗೆ ಹಾಕಿದೆ, 1960ರಲ್ಲಿ ನಮ್ಮದೇ ಜಿನೀವಾ ಒಪ್ಪಂದಗಳ ಕಾಯ್ದೆಯೂ ಬಂತು. ಆ ನಾಲ್ಕಕ್ಕೆ 1977ರಲ್ಲಿ ಸೇರಿಸಿದ ಹೆಚ್ಚುವರಿ ಒಪ್ಪಂದಗಳಿಗೆ, ನೆಲಬಾಂಬ್ ನಿಷೇಧಕ್ಕೆ, ಒಡೆದು ಮರಿಬಾಂಬ್‌ಗಳನ್ನು ಚೆಲ್ಲುವ ಕ್ಲಸ್ಟರ್ ಬಾಂಬ್ ನಿಷೇಧಕ್ಕೆ ಸೇರಿಲ್ಲ. ಕ್ರಿಮಿನಲ್ ನ್ಯಾಯಾಲಯಕ್ಕೂ ಸೇರಿಲ್ಲ. ಹಾಗಾಗಿ ಪುಟಿನ್ ಬಂದಾಗ ಹಿಡಿಯುವ ಹೊಣೆ ನಮಗೆ ಇರಲಿಲ್ಲ. ಮಂಗೋಲಿಯಾಗೆ ಇತ್ತು, ಅದು ಸದಸ್ಯ ದೇಶ. 2024ರ ಸೆಪ್ಟೆಂಬರ್‌ನಲ್ಲಿ ಅವರು ಅಲ್ಲಿಗೂ ಹೋಗಿ ಕೆಂಪು ಹಾಸಿನ ಸ್ವಾಗತ ಪಡೆದು ಬಂದರು. ಆ ನ್ಯಾಯಾಲಯಕ್ಕೆ ಸ್ವಂತ ಪೊಲೀಸ್ ಇಲ್ಲ.

ವಕೀಲರಾದ್ದರಿಂದ ಒಂದು ವಿಷಯ: 1960ರ ಕಾಯ್ದೆಯಡಿ ಸರ್ಕಾರ ದೂರು ಕೊಡದೆ ಕೋರ್ಟ್ ಪ್ರಕರಣ ಕೈಗೆತ್ತಿಕೊಳ್ಳುವಂತಿಲ್ಲ. ಗೋವಾ ವಿಮೋಚನೆ ನಂತರ ಪೋರ್ಚುಗೀಸ್ ಪೌರತ್ವ ಉಳಿಸಿಕೊಂಡಿದ್ದ ಒಬ್ಬ ಪಾದ್ರಿ ಜಿನೀವಾ ಒಪ್ಪಂದದ ರಕ್ಷಣೆ ಕೇಳಿ ಸುಪ್ರೀಂ ಕೋರ್ಟಿನವರೆಗೆ ಹೋದರು. ಈ ಕಾಯ್ದೆ ವ್ಯಕ್ತಿಗೆ ನೇರವಾಗಿ ಹಕ್ಕು ಕೊಡುವುದಿಲ್ಲ ಎಂದು 1969ರಲ್ಲಿ ಕೋರ್ಟ್ ಹೇಳಿತು. ಬೇಲಿ ಹಾಕಿದ್ದೇವೆ, ಬಾಗಿಲ ಕೀಲಿ ಸರ್ಕಾರದ ಜೇಬಿನಲ್ಲಿದೆ.

ಬೇರೆ ದೇಶಗಳ ಕೋರ್ಟುಗಳು ಒಮ್ಮೊಮ್ಮೆ ಮುಂದೆ ಹೋಗುತ್ತವೆ. ಸಿರಿಯಾದ ಗುಪ್ತಚರ ಇಲಾಖೆಯ ಕರ್ನಲ್ ಆಗಿದ್ದ ಅನ್ವರ್ ರಸ್ಲಾನ್ ಜರ್ಮನಿಗೆ ಆಶ್ರಯ ಬೇಡಿ ಬಂದಿದ್ದ. ಒಂದು ಕಾಲಕ್ಕೆ ಅವನೇ ಬಂಧಿಸಿದ್ದ ಸಿರಿಯಾದ ವಕೀಲರೊಬ್ಬರು ಬರ್ಲಿನ್‌ನಲ್ಲಿ ಅವನ ಮುಖ ಗುರುತು ಹಿಡಿದರು. 2022ರ ಜನವರಿಯಲ್ಲಿ ಕೊಬ್ಲೆಂಜ್ ಕೋರ್ಟ್ ಅವನಿಗೆ ಜೀವಾವಧಿ ವಿಧಿಸಿತು. ಅಪರಾಧ ನಡೆದದ್ದು ಡಮಾಸ್ಕಸ್‌ನಲ್ಲಿ, ಸತ್ತವರೂ ಜರ್ಮನ್ನರಲ್ಲ, ಆದರೂ. ನಮ್ಮ ಕಾನೂನಿನಲ್ಲಿ ಇಂಥದ್ದಕ್ಕೆ ಜಾಗ ಸ್ವಲ್ಪ ಇದೆ, ಬಳಸುವ ಮನಸ್ಸು ಕಾಣುತ್ತಿಲ್ಲ.

ಪ್ರಶ್ನೆ: ನನ್ನ ಕ್ಲಿನಿಕ್ ಬೋರ್ಡಿನಲ್ಲಿ ಕೆಂಪು ಪ್ಲಸ್ ಗುರುತು ಇದೆ. ಅದು ಕಾನೂನುಬಾಹಿರ ಅಂತ ಯಾರೋ ಹೇಳಿದರು. ತಮಾಷೆನಾ? (ವೈದ್ಯರು, ಚಿಕ್ಕಮಗಳೂರು)

ಉತ್ತರ: ತಮಾಷೆ ಅಲ್ಲ ಡಾಕ್ಟ್ರೇ. ಬಿಳಿ ಹಿನ್ನೆಲೆಯ ಕೆಂಪು ಶಿಲುಬೆ ವೈದ್ಯರ ಗುರುತಲ್ಲ, ಯುದ್ಧಭೂಮಿಯಲ್ಲಿ ಹೊಡೆಯಬೇಡಿ ಅಂತ ಹೇಳುವ ಗುರುತು. ಸೇನೆಯ ವೈದ್ಯಕೀಯ ವಿಭಾಗಕ್ಕೆ ಮತ್ತು ರೆಡ್ ಕ್ರಾಸ್ ಸಂಸ್ಥೆಗೆ ಮೀಸಲು. ಕೇಂದ್ರದ ಅನುಮತಿ ಇಲ್ಲದೆ ಬಳಸಿದರೆ ಅದೇ 1960ರ ಕಾಯ್ದೆಯಡಿ 500 ರೂಪಾಯಿವರೆಗೆ ದಂಡ, ಗುರುತು ಹಾಕಿದ ವಸ್ತುವಿನ ಜಪ್ತಿಯೂ ಆಗಬಹುದು. ನಮ್ಮ ಊರುಗಳಲ್ಲಿ ಮೆಡಿಕಲ್ ಶಾಪ್, ಆಂಬುಲೆನ್ಸ್, ಡಾಕ್ಟರ ಕಾರು, ಕೊನೆಗೆ ಫಸ್ಟ್ ಏಡ್ ಡಬ್ಬಿ, ಎಲ್ಲದರ ಮೇಲೂ ಇದೆ, ಯಾರೂ ಕೇಳುವುದಿಲ್ಲ. ಆದರೆ ಎಲ್ಲೆಂದರಲ್ಲಿ ಕಂಡ ಗುರುತಿಗೆ ನಾಳೆ ಗುಂಡಿನ ನಡುವೆ ಯಾರು ಬೆಲೆ ಕೊಡುತ್ತಾರೆ? ಪೇಂಟರ್ ಕರೆಸಿ ಹಸಿರು ಬಣ್ಣ ಬಳಿಸಿಬಿಡಿ, ಹಸಿರಿಗೆ ಯಾರ ಅಡ್ಡಿಯೂ ಇಲ್ಲ.